ಒಂದು ಸಿಕ್ಕಿದ ಮೇಲೆ

ದೊಡ್ಡಮ್ಮ ತನ್ನನ್ನು ಗುರುತಿಸಲಿಲ್ಲ ಅನ್ನುವುದಕ್ಕಿಂತ ತನ್ನನ್ನು ಯಾರು ಅಂತ ತಿಳಿದುಕೊಂಡಳು ಅನ್ನುವುದೇ ಸ್ಪಂದನಳಿಗೆ ದೊಡ್ಡದಾಗಿ ಕಂಡಿತು. ಹಾಗೆ ಕಂಡದ್ದಕ್ಕೆ ತಕ್ಷಣ ನಾಚಿಕೆಯೂ ಆಯಿತು. ಆಸ್ಪತ್ರೆಗೆ ಸೇರಿಸಿ ಅವತ್ತಿಗೆ ಆರನೆಯ ದಿನ, ಬೆಳಿಗ್ಗೆ ಏಳೂವರೆ. ಕಿಟಕಿಯ ಸರಳು ಮುಟ್ಟಿದರೆ ತಿಪಟೂರಿನ ಚಳಿ ಇನ್ನೂ ಕೈಗೆ ಹತ್ತುತ್ತಿತ್ತು. ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಆರಲಿ ಅಂತ ಊದುತ್ತ ಮಂಚದ ಪಕ್ಕ ನಿಂತಿದ್ದಳು. ದೊಡ್ಡಮ್ಮ ಕಣ್ಣು ಬಿಟ್ಟು, ಪಾದದಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ ನೋಡಿ, "ಬಂದ್ಯಾ ಓಬಮ್ಮ? ಕೂತ್ಕ. ಬರಿಗೈಲಿ ಬಂದಿದ್ದೀಯಲ್ಲ, ಎಲೆ ಅಡಿಕೆ ತರ್ಬಾರ್ದಾ" ಅಂದಳು. ಹಳೆಯ ಗೆಳತಿಯನ್ನು ಆಡಿಕೊಳ್ಳುವ ದನಿ ಅದು. ಮನೆಯಲ್ಲಿ ಯಾರೊಂದಿಗೂ ಆ ದನಿಯಲ್ಲಿ ಮಾತಾಡಿದ್ದನ್ನು ಸ್ಪಂದನ ಕೇಳಿರಲಿಲ್ಲ. ಒಂದು ಗಳಿಗೆ ಅವಳು ಓಬಮ್ಮನಾಗಿಯೇ ನಿಂತಳು. ಅದೇನೂ ಕಷ್ಟವಾಗಲಿಲ್ಲ, ನಾಲ್ಕು ಜನರ ಮುಂದೆ ಸ್ಪಂದನಳಾಗಿ ನಿಲ್ಲುವುದೇ ಅವಳಿಗೆ ಇದಕ್ಕಿಂತ ಕಷ್ಟ. ಮೊನ್ನೆ ಇದೇ ದೊಡ್ಡಮ್ಮ ಎದ್ದು ಕೂತು ಅರ್ಧ ಇಡ್ಲಿ ತಿಂದು, ಚಟ್ನಿಗೆ ಕಾಯಿ ಕಮ್ಮಿ ಹಾಕಿದ್ದಾರೆ ಅಂತ ಬೈದಿದ್ದಳು. ಆ ಬೈಗುಳಕ್ಕೆ ದೊಡ್ಡಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಈಗ ಅದೆಲ್ಲ ಎಲ್ಲಿಗೆ ಹೋಯಿತು? ಹೆಸರುಗಳು ತಲೆಯೊಳಗೆ ಒಂದು ಜಾಗದಲ್ಲಿ ಇರುತ್ತವಾ, ಮುಖಗಳು ಇನ್ನೊಂದು ಜಾಗದಲ್ಲಾ, ಮಧ್ಯದ ದಾರಿಯಲ್ಲಿ ಏನು ಬಿದ್ದಿದೆ? ಅಳಬೇಕಾದ ಹೊತ್ತಿನಲ್ಲಿ ತಾನು ಇದನ್ನೆಲ್ಲ ಕೇಳಿಕೊಳ್ಳುತ್ತಿದ್ದೇನೆ ಅನ್ನಿಸಿ, ಯಾರಾದರೂ ನೋಡಿದರೇನೋ ಎಂಬಂತೆ ಅವಳು ಬಾಗಿಲ ಕಡೆ ತಿರುಗಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಕೈಯಲ್ಲಿದ್ದ ಕಾಫಿ ಪೂರ್ತಿ ಆರಿಹೋಗಿತ್ತು.

ಶುರುವಾದದ್ದು ವಾಸನೆಯಿಂದ. ಹೋದ ವಾರ ದೊಡ್ಡಮ್ಮ ಅಂಗಳದಲ್ಲಿ ನಿಂತು ಮೂಗು ಅರಳಿಸಿ, "ಎಲ್ಲೋ ಕೊಬ್ರಿ ಸೀದಂಗೈತೆ ನೋಡೇ" ಅಂದಿದ್ದಳು. ಸ್ಪಂದನ ಅಡಿಗೆಮನೆ ನೋಡಿದಳು, ಬಚ್ಚಲ ಒಲೆ ನೋಡಿದಳು, ಏಣಿ ಹತ್ತಿ ಅಟ್ಟದಲ್ಲೂ ಮೂಸಿದಳು. ಏನೂ ಇರಲಿಲ್ಲ. "ಇಲ್ವಲ್ಲ ದೊಡ್ಡಮ್ಮ" ಅಂದರೆ, "ನಿನ್ ಮೂಗಿಗೆ ಶೀತ" ಅಂತ ಬೈಸಿಕೊಂಡಳು. ಮಾರನೆಯ ದಿನ ಜ್ವರ, ತಲೆ ಒಡೆಯುವ ನೋವು. ಅದರ ಮಾರನೆಯ ದಿನ ಕಾಫಿಗೆ ಉಪ್ಪು ಹಾಕಿ ತಂದಿಟ್ಟು ದೊಡ್ಡಪ್ಪನನ್ನು "ಮೇಷ್ಟ್ರೇ" ಅಂತ ಕರೆದಳು. ದೊಡ್ಡಪ್ಪ ಉಗ್ರಪ್ಪನವರು ಮೊದಲ ಸಲ ನಕ್ಕರು. ಎರಡನೆಯ ಸಲ ಕರೆದಾಗ ಎದ್ದು ಅಂಗಿ ಹಾಕಿಕೊಂಡು, ಹತ್ತಿರದ ದಬ್ಬೇಘಟ್ಟಕ್ಕೆ ಫೋನು ಮಾಡಿ ಕಾರು ತರಿಸಿದರು. ಇಲ್ಲಿಗೆ ಬಂದ ಮೇಲೆ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು, ಬ್ಯಾಕ್ಟೀರಿಯಾ ಇದೆಯಾ ನೋಡಲು ಒಂದಷ್ಟನ್ನು ಇಲ್ಲಿ ಬೆಳೆಸಲು ಇಟ್ಟು, ಒಂದಷ್ಟನ್ನು ಬೆಂಗಳೂರಿಗೆ ಕಳಿಸಿದರು. ಮೂರನೆಯ ದಿನ ಡಾಕ್ಟರ್ ಮಾಹಿರಾ ಬಂದು ವೈರಸ್ ಸಿಕ್ಕಿದೆ ಅಂದರು. ಸ್ಪಂದನಳಿಗಿಂತ ಐದಾರು ವರ್ಷ ದೊಡ್ಡವರಿರಬಹುದು, ತೆಳ್ಳಗೆ, ತಲೆಗೆ ಬೂದು ಬಣ್ಣದ ಸ್ಕಾರ್ಫು. "ತುಟಿ ಮೇಲೆ ಜ್ವರದ ಗುಳ್ಳೆ ಏಳುತ್ತಲ್ಲ, ಅದೇ ಜಾತಿದು. ಚಿಕ್ಕ ವಯಸ್ಸಲ್ಲೇ ಒಳಗೆ ಬಂದು ನರದ ಬುಡದಲ್ಲಿ ಮಲಗಿರುತ್ತೆ. ಐವತ್ತು ವರ್ಷ ಬೇಕಾದ್ರೂ ಮಲಗಿರುತ್ತೆ. ಯಾಕೆ ಎದ್ದಿತು ಅಂತ ಮಾತ್ರ ನನ್ನ ಕೇಳ್ಬೇಡಿ" ಅಂದರು. ಯಾರೂ ಕೇಳಿರಲಿಲ್ಲ. ಸ್ಪಂದನ ಕೇಳಬೇಕೆಂದು ಬಾಯಿ ತೆರೆಯುವುದರಲ್ಲಿದ್ದಳು.

ಐವತ್ತು ವರ್ಷ. ದೊಡ್ಡಮ್ಮ ಲಂಗ ಹಾಕಿಕೊಂಡು ಗದ್ದೆ ಬದುವಿನ ಮೇಲೆ ಓಡುವಾಗ, ಮದುವೆಯಾಗುವಾಗ, ತೋಟಕ್ಕೆ ಕಾಲುವೆ ನೀರು ಬಂದ ಮೊದಲ ವರ್ಷ ಕೆಸರಲ್ಲಿ ಜಾರಿ ಬಿದ್ದು ನಗುವಾಗ, ಕಿವಿಯಿಂದ ಒಂದು ಬೆರಳು ಆಚೆಗೆ ಅದು ಮಲಗಿಯೇ ಇತ್ತು. ತಿನ್ನದೆ ಉಣ್ಣದೆ ಇಷ್ಟು ಕಾಲ ಮಲಗುವುದಕ್ಕೆ ಬದುಕು ಅನ್ನುತ್ತಾರಾ? ತನ್ನೊಳಗೂ ಒಂದು ಇದ್ದೀತಾ? ಈ ಯೋಚನೆ ಅವಳಿಗೆ ಭಯ ತರಲಿಲ್ಲ, ಒಂದು ಥರ ಖುಷಿ ತಂದಿತು. ಹೊಸದೊಂದು ಕೋಣೆಯ ಬಾಗಿಲು ತೆರೆದಂತೆ. ಪಕ್ಕದಲ್ಲಿ ದೊಡ್ಡಪ್ಪ ಕೈ ಜೋಡಿಸಿ ಗೋಡೆಯ ಕ್ಯಾಲೆಂಡರಿನ ದೇವರನ್ನು ನೋಡುತ್ತಿದ್ದರು, ಆಗ ಅವಳು ಕೇಳಬೇಕೆಂದಿದ್ದನ್ನು ಬಿಟ್ಟು ಫ್ಲಾಸ್ಕಿನ ಮುಚ್ಚಳ ಬಿಗಿಮಾಡಿದಳು. ಮಾತು ಅವಳಿಗೆ ಯಾವಾಗಲೂ ಹೀಗೇ. ಡಿಗ್ರಿಯ ಕೊನೆಯ ವರ್ಷ ವೈವಾದಲ್ಲಿ, ಹೊರಗಿನಿಂದ ಬಂದಿದ್ದ ಪರೀಕ್ಷಕರು ರೋಗಾಣು ಬೆಳೆಸಲು ಇಟ್ಟು ಏನೂ ಬೆಳೆಯದ ಗಾಜಿನ ತಟ್ಟೆಯೊಂದನ್ನು ಮುಂದೆ ತಳ್ಳಿ, "ರೋಗಿಗೆ ಸೋಂಕಿದೆ, ತಟ್ಟೆ ಖಾಲಿ. ಯಾಕೆ?" ಅಂತ ಕೇಳಿದ್ದರು. ಅವಳಿಗೆ ಗೊತ್ತಿತ್ತು. ಉತ್ತರ ನಾಲಿಗೆಯ ಹಿಂದೆ ಬಂದು ನಿಂತಿತ್ತು. ಅವರು ಹತ್ತು ಎಣಿಸುವಷ್ಟು ಹೊತ್ತು ಕಾದು, ಪಕ್ಕದ ಹುಡುಗಿಯ ಕಡೆ ತಿರುಗಿದರು. ಆ ಹುಡುಗಿ ಹೇಳಿದ್ದಕ್ಕೆ ಗುಡ್ ಅಂದು, ಸ್ಪಂದನಳ ಹೆಸರಿನ ಮುಂದೆ ಏನೋ ಗೀಚಿದರು. ಆ ಗೀಚು ಎಷ್ಟು ಉದ್ದ ಇತ್ತು ಅನ್ನುವುದು ಅವಳಿಗೆ ಈಗಲೂ ನೆನಪಿದೆ.

ದೊಡ್ಡಮ್ಮ ಸಿದ್ದಗಂಗಮ್ಮ ಅಂದರೆ ಆ ಕಡೆ ಊರುಗಳಲ್ಲಿ ಕಿವಿ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿದ್ದ ತೆಂಗಿನಕಾಯಿಯ ನೀರು ಇಂಗಿ, ಒಳಗಿನದು ಒಣಗಿ, ಚಿಪ್ಪು ಬಿಟ್ಟು, ಅಲುಗಿಸಿದರೆ ಸದ್ದು ಮಾಡುವ ಗಿಟುಕಾಗುತ್ತದೆ, ಅಂದರೆ ಉಂಡೆ ಕೊಬ್ಬರಿ. ಆಗಿದೆಯೋ ಇಲ್ಲವೋ ಅಂತ ಒಡೆದು ನೋಡಿದರೆ ಗೊತ್ತಾಗುತ್ತದೆ, ಆದರೆ ಆಗಿಲ್ಲದ್ದನ್ನು ಒಡೆದರೆ ಹಾಳು. ಒಡೆಯುವ ಮುಂಚೆಯೇ ಹೇಳುವವರು ಬೇಕು. ದೊಡ್ಡಮ್ಮ ಗೋಣಿಯ ಮೇಲೆ ಕಾಲು ಚಾಚಿ ಕೂತು, ಕಾಯನ್ನು ಬಲಗಿವಿಯ ಹತ್ತಿರ ಹಿಡಿದು ಎರಡೇ ಸಲ ಅಲುಗಿಸಿ, "ಆಗೈತೆ", "ಇನ್ನೊಂದ್ ತಿಂಗ್ಳು", "ಕೆಟ್ಟೈತೆ" ಅಂತ ಮೂರು ಗುಡ್ಡೆಗೆ ಎಸೆಯುವಳು. ತಿಪಟೂರಿನ ಕೊಬ್ಬರಿ ವ್ಯಾಪಾರಿ ಮುನಾವರ್ ಸಾಬರು ಅವಳು ಎಸೆದ ಗುಡ್ಡೆಯಿಂದ ಒಂದು ಕಾಯನ್ನೂ ಪರೀಕ್ಷೆಗೆ ಒಡೆಯುತ್ತಿರಲಿಲ್ಲ. ಬೇರೆ ಊರಿನ ಅಟ್ಟಗಳಿಗೂ ಆಟೋ ಕಳಿಸಿ ಅವಳನ್ನು ಕರೆಸುತ್ತಿದ್ದರು. ಶ್ರಾವಣದ ಒಂದು ಮಧ್ಯಾಹ್ನ ಸ್ಪಂದನ ನೋಡಿದಳು: ಕಾಯಿ ಹಿಡಿದ ಕೈ ಎಂದಿನಂತೆ ಬಲಗಿವಿಯ ಕಡೆ ಏರಿತು, ಅರ್ಧದಲ್ಲಿ ನಿಂತಿತು, ಮುಖದ ಮುಂದೆ ಹಾದು ಎಡಗಿವಿಗೆ ಹೋಯಿತು. ಅವತ್ತು ನೋಟ್‌ಬುಕ್ಕಿನಲ್ಲಿ, "ದೊಡ್ಡಮ್ಮ ಇವತ್ತು ಎಡಗಿವಿಯಲ್ಲಿ ಕೇಳಿದಳು" ಅಂತ ಒಂದೇ ಸಾಲು ಬರೆದಳು. ಬೇರೆ ಯಾರೂ ಕಾಣದ್ದು ತನಗೆ ಕಂಡಿತು ಅನ್ನುವ ಸಂತೋಷ ಬಿಟ್ಟರೆ ಆ ಸಾಲಿನಲ್ಲಿ ಇನ್ನೇನೂ ಇರಲಿಲ್ಲ.

ಆಮೇಲೆ ದಿಂಬಿನ ಮೇಲೆ ಹಳದಿ ಕಲೆ. ಆಮೇಲೆ ಸೆರಗಿನೊಳಗೆ ಮುಚ್ಚಿಟ್ಟ ಹತ್ತಿ, ಅದರ ವಾಸನೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಮನೆ ಎಣ್ಣೆಯನ್ನು ದೊಡ್ಡಮ್ಮ ಹಿತ್ತಿಲಲ್ಲಿ ಒಬ್ಬಳೇ ಕೂತು ಕಿವಿಗೆ ಬಿಟ್ಟುಕೊಳ್ಳುತ್ತಿದ್ದಳು. ಸಿಕ್ಕಿಬಿದ್ದ ದಿನ ಮೊದಲು ಬೈದಳು. "ಕದ್ದು ನೋಡ್ತೀಯಲ್ಲೇ, ನೀನೇನು ಬೆಕ್ಕಾ." ಆಮೇಲೆ ಕೈ ಹಿಡಿದು ಪಕ್ಕ ಕೂರಿಸಿಕೊಂಡಳು. "ಯಾರ್ಗೂ ಹೇಳ್ಬ್ಯಾಡ ಕಣೇ. ನಿಮ್ ದೊಡ್ಡಪ್ಪನ್ಗೂ ಬ್ಯಾಡ. ಸಾಬ್ರ ಕಿವಿಗಂತೂ ಬೀಳ್ಲೇಬಾರ್ದು. ಈ ಕಿವಿ ಹೋಯ್ತು ಅಂದ್ರೆ ನಾನೂ ಎಲ್ರಂಗೆ ಒಲೆ ಮುಂದಿನ ಮುದ್ಕಿ ಅಷ್ಟೆ." ಸ್ಪಂದನ ಹೂಂ ಅಂದಳು. ಹೂಂ ಅನ್ನುವಾಗ, ಒಬ್ಬರ ಗುಟ್ಟಿನೊಳಕ್ಕೆ ಬಂದುಬಿಟ್ಟೆ ಅಂತ ಮೈ ಬೆಚ್ಚಗಾಗಿತ್ತು. ಮಾತ್ರೆ ತಂದವಳೂ ಅವಳೇ. ತಿಪಟೂರಿನ ಬಸ್‌ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ಲಿನಲ್ಲಿ ಕಿವಿನೋವು ಅಂದಾಗ ಅಂಗಡಿಯವನು "ಯಾರ್ಗೆ?" ಅಂದ. "ನಂಗೆ" ಅಂದಳು. ಐದು ದಿನದ ಆ್ಯಂಟಿಬಯಾಟಿಕ್ ಕೊಟ್ಟ. ಐದೂ ದಿನ ಬಿಡದೆ ನುಂಗಬೇಕು ಅಂತ ಎಷ್ಟು ಹೇಳಿದರೂ ದೊಡ್ಡಮ್ಮ ನೋವಿದ್ದ ದಿನ ಒಂದು, ಇಲ್ಲದ ದಿನ ಇಲ್ಲ. ಮುಗಿದಾಗ ಮತ್ತೆ ತರಿಸಿಕೊಂಡಳು. ಜ್ವರಕ್ಕೆ ನಾಲ್ಕು ದಿನ ಮುಂಚೆ ಸೋರುವುದು ತಾನಾಗಿ ನಿಂತಿತ್ತು. "ನೋಡ್ದಾ, ಎಣ್ಣೆ ವಾಸಿ ಮಾಡ್ತು. ನಿನ್ ಮಾತ್ರೆಯಲ್ಲ" ಅಂತ ದೊಡ್ಡಮ್ಮ ಗೆದ್ದವಳಂತೆ ಹೇಳಿದ್ದಳು.

ಆಸ್ಪತ್ರೆಗೆ ಬಂದ ದಿನ ಡಾಕ್ಟರ್ ಮಾಹಿರಾ ಎರಡೂ ಕಿವಿಗೆ ಬೆಳಕು ಹಿಡಿದು ನೋಡಿದ್ದರು. "ಎಣ್ಣೆ ಹಾಕಿದ್ದೀರಾ? ಏನೂ ಕಾಣ್ತಿಲ್ಲ." "ಯಾರ್ ಹಾಕಲ್ಲ ಹೇಳಿ ಮೇಡಂ, ತೆಂಗಿನ ಸೀಮೆ" ಅಂದಿದ್ದರು ದೊಡ್ಡಪ್ಪ. ಮಾರನೆಯ ದಿನ ಸ್ಕ್ಯಾನಿನ ಹಾಳೆ ಕಿಟಕಿಗೆ ಹಿಡಿದು, ಬಲಗಿವಿಯ ಹಿಂದಿನ ಮೂಳೆಯಲ್ಲಿ ಸ್ವಲ್ಪ ಮಸುಕಿದೆ, ಹಳೆಯದಿರಬಹುದು, ಕಿವಿ ಸೋರುತ್ತಿತ್ತಾ ಅಂತ ಕೇಳಿದರು. ದೊಡ್ಡಪ್ಪ ಅಷ್ಟು ದುಃಖದಲ್ಲೂ ನಕ್ಕುಬಿಟ್ಟರು. "ಇವ್ಳ ಕಿವೀಗಾ? ನಿಮ್ ಮಿಷನ್ನಿಗೇ ಏನೋ ಆಗಿರ್ಬೇಕು. ಒಂದ್ ಕಾಯಿ ತರಿಸ್ಲಾ, ಹುಷಾರಾದ ಮೇಲೆ ನೀವೇ ಪರೀಕ್ಷೆ ಮಾಡಿ." ಡಾಕ್ಟರೂ ನಕ್ಕರು. ಬೇರೆ ಮಾತ್ರೆ ಏನಾದರೂ ಅಂತ ಕೇಳಿದರು. ಬಿಪಿ ಮಾತ್ರೆ ಬಿಟ್ಟರೆ ಏನಿಲ್ಲ ಅಂದರು ದೊಡ್ಡಪ್ಪ. ಸ್ಪಂದನ ಅವರಿಬ್ಬರ ನಡುವೆ ಫ್ಲಾಸ್ಕು ಹಿಡಿದುಕೊಂಡು ನಿಂತಿದ್ದಳು. ಯಾರಾದರೂ ತನ್ನನ್ನೇ ಕೇಳಿದ್ದರೆ ಹೇಳುತ್ತಿದ್ದೆ ಅಂತ ಆಮೇಲೆ ಅಂದುಕೊಂಡಳು. ಕೇಳಿದ್ದರೂ ಹೇಳುತ್ತಿರಲಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಮೂರನೆಯ ದಿನ ವೈರಸ್ ಸಿಕ್ಕಿದ ಸುದ್ದಿಯ ಜೊತೆಗೇ, ಇಲ್ಲಿ ಬೆಳೆಸಲು ಇಟ್ಟದ್ದರಲ್ಲಿ ಬ್ಯಾಕ್ಟೀರಿಯಾ ಏನೂ ಬೆಳೆದಿಲ್ಲ ಅನ್ನುವ ಸುದ್ದಿಯೂ ಬಂತು. ಮೊದಲ ದಿನದಿಂದ ಒಟ್ಟಿಗೆ ಹೋಗುತ್ತಿದ್ದ ಎರಡು ಔಷಧಿಗಳಲ್ಲಿ ಬ್ಯಾಕ್ಟೀರಿಯಾದ್ದನ್ನು ನಿಲ್ಲಿಸಿದರು. "ಒಳ್ಳೇದಾಯ್ತು, ಯಾವ್ದು ಅಂತ ಗೊತ್ತಾಯ್ತಲ್ಲ" ಅಂದರು ಡಾಕ್ಟರು. ಸ್ಪಂದನಳ ಎದೆಯಿಂದ ಕಲ್ಲು ಇಳಿಯಿತು. ಹಾಗಾದರೆ ಕಿವಿಯ ತಪ್ಪಿಲ್ಲ. ಹಾಗಾದರೆ ಮಾತ್ರೆಯ ತಪ್ಪಿಲ್ಲ. ವೈರಸ್ ಐವತ್ತು ವರ್ಷದ ಹಿಂದೆ ಬಂದದ್ದು, ಆಗ ತಾನು ಹುಟ್ಟಿಯೇ ಇರಲಿಲ್ಲ. ಪೂರ್ತಿ ಒಂದು ದಿನ ಅವಳು ಇದನ್ನು ನಂಬಿದಳು. ಮಾರನೆಯ ದಿನ ವೈವಾದ ಖಾಲಿ ತಟ್ಟೆ ನೆನಪಾಯಿತು. ಅದನ್ನು ದೂರ ತಳ್ಳಿದಳು. ಇಡ್ಲಿ ತಿಂದಳಲ್ಲ, ಚಟ್ನಿಗೆ ಬೈದಳಲ್ಲ.

ಒಂಬತ್ತಕ್ಕೆ ದೊಡ್ಡಪ್ಪ ಊರಿನಿಂದ ರಾಗಿ ಗಂಜಿ ಹಿಡಿದುಕೊಂಡು ಬಂದರು. ನರ್ಸು ಜ್ವರ ನೋಡಿ ನೂರಾಮೂರು ಅಂತ ಹೇಳಿ ಹೋಗಿದ್ದಳು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು, ತಲೆಯನ್ನು ಹಿಂದಕ್ಕೆ ಒತ್ತಿ ಮಲಗಿದ್ದಳು. ಬೆಳಕು ಬಿದ್ದರೆ ಮುಖ ಕಿವುಚುತ್ತಿದ್ದಳು.

"ದೊಡ್ಡಪ್ಪ, ಓಬಮ್ಮ ಅಂದ್ರೆ ಯಾರು?"

"ಯಾವ ಓಬಮ್ಮ?" ಅಂದವರು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿ, "ಅವ್ಳಾ. ಸತ್ತು ಹದಿನೈದ್ ವರ್ಸ ಆಯ್ತು ಕಣೇ. ಯಾಕೆ?"

"ನನ್ನ ಓಬಮ್ಮ ಅಂತ ಕರೀತಿದ್ದಾಳೆ ದೊಡ್ಡಮ್ಮ."

ದೊಡ್ಡಪ್ಪ ಗಂಜಿಯ ಡಬ್ಬಿಯನ್ನು ಕೆಳಗಿಟ್ಟರು. "ಇವ್ಳಿಗಿಂತ ಮುಂಚೆ ಸಾಬ್ರ ಅಂಗಡಿಗೆ ಕಾಯಿ ಕೇಳ್ತಿದ್ದೋಳು ಅವ್ಳೇ. ಇವ್ಳು ಅವ್ಳ ಪಕ್ಕದಲ್ಲಿ ಕೂತು ಕಲ್ತಿದ್ದು. ಆಮೇಲೆ ಅವ್ಳಿಗೆ ಕಿವಿ ಮಂದ ಆಯ್ತು. ಮುನಾವರ್ ಸಾಬ್ರ ತಂದೆ ಇದ್ರು ಆಗ. ಅವ್ರಿಗೆ ಯಾರೋ ಹೇಳಿದ್ರು. ಮಾರ್ನೆ ದಿನದಿಂದ ಅವ್ಳನ್ನ ಕರೀಲಿಲ್ಲ."

"ಯಾರು ಹೇಳಿದ್ದು?"

"ಬುಡು. ಅದೆಲ್ಲ ಈಗ್ಯಾಕೆ." ಅವರು ಹೆಂಡತಿಯ ಪಾದದ ಮೇಲೆ ಹೊದಿಕೆ ಎಳೆದರು. ಹೊದಿಕೆ ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ದೊಡ್ಡಮ್ಮ ಕಣ್ಣು ಬಿಡದೆ, "ನಾನ್ ಹೇಳ್ಳಿಲ್ಲ ಕಣೇ ಓಬಮ್ಮ, ಅವ್ರೇ ಕಂಡ್ಕಂಡ್ರು" ಅಂದಳು. ದೊಡ್ಡಪ್ಪ ಕಿಟಕಿಯ ಕಡೆ ಹೋದರು. ಸ್ಪಂದನ ಹೋಗಲಿಲ್ಲ. ಅವಳಿಗೆ ಮೊದಲು ಹೊಳೆದದ್ದು, ಜ್ವರ ಬಂದ ತಲೆ ಸುಳ್ಳು ಹೇಳಬಲ್ಲದಾ ಅನ್ನುವ ಪ್ರಶ್ನೆ. ಹೆಸರು ಮರೆತ ಮೇಲೂ, ಮುಖ ತಪ್ಪಿದ ಮೇಲೂ, ಹದಿನೈದು ವರ್ಷಕ್ಕೂ ಹಿಂದಿನ ಒಂದು ಸುಳ್ಳು ಇಷ್ಟು ಗಟ್ಟಿಯಾಗಿ ಉಳಿಯುವುದಾದರೆ ಅದು ತಲೆಯ ಯಾವ ಮೂಲೆಯಲ್ಲಿ ಇರುತ್ತದೆ? ಅದರ ಹಿಂದೆಯೇ, ನಿಧಾನವಾಗಿ, ಕಾಲಿನಿಂದ ಏರುವ ಚಳಿಯಂತೆ ಇನ್ನೊಂದು ಬಂತು. ಇವತ್ತು ತಾನು ಬಾಯಿ ಬಿಟ್ಟರೆ ದೊಡ್ಡಮ್ಮ ಓಬಮ್ಮನಿಗೆ ಮಾಡಿದ್ದನ್ನೇ ದೊಡ್ಡಮ್ಮನಿಗೆ ಮಾಡಿದ ಹಾಗೆ. ಬಿಡದಿದ್ದರೆ? ತಲೆ ಹಿಂದಕ್ಕೆ ಒತ್ತಿರುವ ಆ ರೀತಿ, ಆ ಬೆಳಕಿನ ಭಯ, ಇವಕ್ಕೆ ಡಿಗ್ರಿಯ ಪುಸ್ತಕದಲ್ಲಿ ಒಂದು ಪುಟ ಇತ್ತು. ಪುಟದ ಎಡಗಡೆ, ಮೇಲೆ. ಚಿತ್ರವೂ ಇತ್ತು. ಚಿತ್ರದ ಕೆಳಗಿನ ಹೆಸರು ವೈರಸ್ಸಿನದಾಗಿರಲಿಲ್ಲ, ಬ್ಯಾಕ್ಟೀರಿಯಾದ್ದಾಗಿತ್ತು. ಎರಡು ಒಟ್ಟಿಗೆ ಇರಬಾರದು ಅಂತ ಎಲ್ಲಿ ಬರೆದಿದೆ ಅಂತ ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ಎಲ್ಲೂ ಬರೆದಿರಲಿಲ್ಲ. ಎಲ್ಲರೂ ಹಾಗೆ ತಿಳಿದಿದ್ದರು ಅಷ್ಟೆ.

ಹನ್ನೊಂದಕ್ಕೆ ಮುನಾವರ್ ಸಾಬರು ಬಂದರು. ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು, ಬೇಡ ಅಂದರೂ ಕೇಳದೆ ಬರಿಗಾಲಲ್ಲಿ ಒಳಗೆ ಬಂದು ಮಂಚದ ಕೊನೆಯಲ್ಲಿ ನಿಂತರು. "ಏನಮ್ಮಾ ಸಿದ್ದಗಂಗಮ್ಮನೋರೇ, ಹಿಂಗ್ ಮಲ್ಕೊಂಡ್ಬುಟ್ರೆ ಹೆಂಗೆ. ದಂಡಿನಶಿವರದೋರು ನಿಮ್ಮನ್ನ ಬಿಟ್ಟು ಬೇರೆಯೋರ ಕೈಲಿ ಕಾಯಿ ಕೇಳ್ಸಲ್ಲ ಅಂತ ಹಟ ಹಿಡ್ದವ್ರೆ" ಅಂದರು. ದೊಡ್ಡಮ್ಮ ಕಣ್ಣು ತೆರೆದಳು. ಈ ಮುಖವನ್ನು ಮಾತ್ರ ಅವಳು ಸರಿಯಾಗಿ ಗುರುತಿಸಿದಳು ಅಂತ ಸ್ಪಂದನಳಿಗೆ ಖಾತ್ರಿಯಾಯಿತು. ಯಾಕೆಂದರೆ ತಲೆಯನ್ನು ನೋವಿನಲ್ಲೇ ಒಂದಿಷ್ಟು ತಿರುಗಿಸಿ, ಬಲಗಿವಿಯನ್ನು ದಿಂಬಿಗೆ ಒತ್ತಿಕೊಂಡಳು. ಅದೇ ಹೊತ್ತಿಗೆ ಡಾಕ್ಟರ್ ಮಾಹಿರಾ ಬಂದರು, ಹಿಂದೆ ನರ್ಸು. ಜ್ವರದ ಹಾಳೆ ನೋಡಿದರು. ದೊಡ್ಡಮ್ಮನ ತಲೆಯ ಕೆಳಗೆ ಕೈ ಹಾಕಿ ಮೆಲ್ಲಗೆ ಎತ್ತಿದರು. ತಲೆ ಬಾಗಲಿಲ್ಲ. ತಲೆಯ ಜೊತೆ ಭುಜ, ಭುಜದ ಜೊತೆ ಬೆನ್ನು, ಹಲಗೆಯ ಹಾಗೆ ಎದ್ದು ಬಂತು. ಡಾಕ್ಟರು ಅದನ್ನು ಇನ್ನೊಂದು ಸಲ ಮಾಡಿದರು. "ವೈರಸ್ಸಿಗೆ ಸರಿಯಾದ ಔಷಧೀನೇ ಹೋಗ್ತಿದೆ" ಅಂದರು, ಯಾರಿಗೆ ಅಂತ ಗೊತ್ತಾಗದ ಹಾಗೆ. ಆಮೇಲೆ ದೊಡ್ಡಪ್ಪನಿಗೆ, "ಸಂಜೆ ತನಕ ನೋಡೋಣ. ಹಿಂಗೇ ಇದ್ರೆ ಬೆಂಗ್ಳೂರಿಗೆ ಕಳಿಸ್ತೀನಿ" ಅಂದು ಬಾಗಿಲ ಕಡೆ ತಿರುಗಿದರು.

ಸಾಬರು ಇನ್ನು ಐದು ನಿಮಿಷದಲ್ಲಿ ಹೊರಡುತ್ತಾರೆ. ಡಾಕ್ಟರನ್ನು ಹಿಂಬಾಲಿಸಿ ಕಾರಿಡಾರಿನಲ್ಲಿ ಮೆಲ್ಲಗೆ ಹೇಳಬಹುದು. ದೊಡ್ಡಮ್ಮನಿಗೆ ಕೊಟ್ಟ ಮಾತಿನ ಅರ್ಧವಾದರೂ ಉಳಿಯುತ್ತದೆ. ಆದರೆ ಸ್ಪಂದನಳಿಗೆ ತನ್ನ ಕಾರಿಡಾರುಗಳು ಗೊತ್ತು. ಅಲ್ಲಿ ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ಮೂರು ಸಲ ತಿದ್ದುತ್ತಾಳೆ, ಅಷ್ಟರಲ್ಲಿ ಎದುರಿನವರು ಇನ್ನೊಂದು ಬಾಗಿಲೊಳಕ್ಕೆ ಹೋಗಿರುತ್ತಾರೆ, ಇವಳು ನೀರು ಕುಡಿಯಲು ಬಂದವಳಂತೆ ನಲ್ಲಿಯ ಹತ್ತಿರ ನಿಲ್ಲುತ್ತಾಳೆ. ದೊಡ್ಡಮ್ಮ ಅವಳನ್ನೇ ನೋಡುತ್ತಿದ್ದಳು. ಅದು ಸ್ಪಂದನಳನ್ನು ನೋಡುವ ನೋಟವೋ ಓಬಮ್ಮನನ್ನೋ ತಿಳಿಯಲಿಲ್ಲ.

"ಮೇಡಂ, ಕಿವಿ ಸೋರ್ತಿತ್ತು."

ತನ್ನ ದನಿ ಇಷ್ಟು ಗಟ್ಟಿ ಇದೆ ಅಂತ ಅವಳಿಗೇ ಗೊತ್ತಿರಲಿಲ್ಲ. ಡಾಕ್ಟರು ಬಾಗಿಲಲ್ಲೇ ನಿಂತರು. "ಯಾರ ಕಿವಿ?"

"ದೊಡ್ಡಮ್ಮಂದು. ಬಲಗಿವಿ. ಶ್ರಾವಣದಿಂದ. ಆ ಕಡೆ ಸರಿಯಾಗಿ ಕೇಳಿಸ್ತಾನೂ ಇರ್ಲಿಲ್ಲ. ಜ್ವರಕ್ಕೆ ನಾಲ್ಕು ದಿನ ಮುಂಚೆ ಸೋರೋದು ನಿಂತ್ಹೋಯ್ತು. ಆ್ಯಂಟಿಬಯಾಟಿಕ್ ತಗೋತಿದ್ಳು, ನಾನೇ ತಂದ್ಕೊಡ್ತಿದ್ದೆ. ಇಲ್ಲಿಗೆ ಬರೋ ದಿನ ಬೆಳಿಗ್ಗೇನೂ ಒಂದು ತಗೊಂಡಿದ್ದಾಳೆ." ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎರಡು ವರ್ಷದಿಂದ ನಾಲಿಗೆಯ ಹಿಂದೆ ನಿಂತಿದ್ದ ಉತ್ತರ ತಾನಾಗಿ ಹೊರಗೆ ಬಂತು. "ಅದಕ್ಕೇ ಏನೂ ಬೆಳೀಲಿಲ್ವೇನೋ ಮೇಡಂ. ಇಲ್ಲ ಅಂತಲ್ಲ."

ಸಾಬರು ಹಣ್ಣಿನ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ದೊಡ್ಡಪ್ಪನ ಬಾಯಿ ಸ್ವಲ್ಪ ತೆರೆದಿತ್ತು.

"ಏನು ಓದಿದ್ದೀರ?" ಅಂದರು ಡಾಕ್ಟರು.

"ಬಿಎಸ್ಸಿ. ಮೈಕ್ರೋಬಯಾಲಜಿ."

"ಆರು ದಿನದಿಂದ ಇಲ್ಲೇ ಇದ್ದೀರಲ್ಲ." ಅಷ್ಟೇ ಹೇಳಿದರು. ಬೈದಿದ್ದರೆ ಸುಲಭವಾಗುತ್ತಿತ್ತು. ನರ್ಸಿನ ಕಡೆ ತಿರುಗಿ, ನಿಲ್ಲಿಸಿದ್ದ ಔಷಧಿಯನ್ನು ಈಗಲೇ ಶುರುಮಾಡಿ, ಬೆನ್ನಿನ ನೀರು ಮತ್ತೆ ತೆಗೆಯಬೇಕು ಅಂದರು. ಸಾಬರು ಹಣ್ಣನ್ನು ಸ್ಟೂಲಿನ ಮೇಲಿಟ್ಟು, ದೊಡ್ಡಮ್ಮನ ಕಡೆ ನೋಡದೆ, "ದೇವ್ರು ದೊಡ್ಡೋನು, ವಾಸಿ ಆಗ್ತಾರೆ" ಅಂತ ದೊಡ್ಡಪ್ಪನ ತೋಳು ಮುಟ್ಟಿ ಹೋದರು. ಅವರು ಚಪ್ಪಲಿ ಮೆಟ್ಟುವ ಸದ್ದು ನಿಂತ ಮೇಲೆ ದೊಡ್ಡಪ್ಪ, "ನೋಡ್ಕಂಡೇ ಇದ್ಯಲ್ಲೇ" ಅಂದರು. "ನೋಡೋದೊಂದ್ ಬರ್ತೈತೆ ನಿಂಗೆ. ಹೇಳೋದಾದ್ರೆ ಮೊದ್ಲೇ ಹೇಳ್ಬೇಕಿತ್ತು, ಇಲ್ಲ ಆ ಮನುಷ್ಯ ಹೋಗೋಗಂಟ ಬಾಯಿ ಮುಚ್ಕಂಡಿರ್ಬೇಕಿತ್ತು." ಎರಡೂ ನಿಜ. ಎರಡೂ ಒಟ್ಟಿಗೆ ನಿಜ.

ಬೆನ್ನಿಗೆ ಸೂಜಿ ಹಾಕುವಾಗ ದೊಡ್ಡಮ್ಮನನ್ನು ಮಗುವಿನ ಹಾಗೆ ಮುದುರಿಸಿ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ದೊಡ್ಡಪ್ಪನಿಂದ ಆಗಲಿಲ್ಲ. ಸ್ಪಂದನ ಹಿಡಿದುಕೊಂಡಳು. ದೊಡ್ಡಮ್ಮನ ಹಣೆ ಅವಳ ಹೊಟ್ಟೆಗೆ ಒತ್ತಿ ಸುಡುತ್ತಿತ್ತು. ಭುಜದ ಮೇಲಿಂದ ಅವಳಿಗೆ ಪುಟ್ಟ ಗಾಜಿನ ಬಾಟಲಿ ಕಾಣಿಸುತ್ತಿತ್ತು, ಅದರೊಳಕ್ಕೆ ಒಂದೊಂದೇ ಹನಿ. ಮೊದಲ ಸಲದ್ದು ತಿಳಿಯಾಗಿತ್ತು, ಎಳನೀರಿಗಿಂತ ತಿಳಿ. ಈ ಸಲದ್ದು ಅಕ್ಕಿ ತೊಳೆದ ಎರಡನೆಯ ನೀರಿನ ಹಾಗೆ. ಕಣ್ಣು ತೆಗೆಯಲು ಆಗಲಿಲ್ಲ. ಹಣೆಯ ಸುಡುವಿಕೆ ಹೊಟ್ಟೆಯಲ್ಲಿ, ಬಾಟಲಿಯ ಮಸುಕು ಕಣ್ಣಲ್ಲಿ. ತನ್ನ ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದದ್ದು ಅವಳಿಗೆ ಗೊತ್ತಾದದ್ದು ನರ್ಸು ಹತ್ತಿ ಕೊಟ್ಟಾಗ.

ಎರಡನೆಯ ಸಲದ ನೀರನ್ನು ಕಳಿಸಿದ್ದ ಬೆಂಗಳೂರಿನಿಂದ ಮಾರನೆಯ ಮಧ್ಯಾಹ್ನ ಫೋನು ಬಂತು. ಈ ಸಲದ್ದು ಹಲವು ರೋಗಾಣುಗಳನ್ನು ಒಟ್ಟಿಗೇ ಹುಡುಕುವ ಪರೀಕ್ಷೆ. ಡಾಕ್ಟರ್ ಮಾಹಿರಾ ಕಾರಿಡಾರಿನಲ್ಲಿ ನಿಂತು ಕೇಳಿಸಿಕೊಂಡು, ಸುತ್ತ ನೋಡಿ, ಸಿಕ್ಕಿದವರಿಗೆ ಹೇಳುವಂತೆ ಸ್ಪಂದನಳಿಗೆ ಹೇಳಿದರು: "ಎರಡೂ ಇದೆ. ಆ ವೈರಸ್ಸು, ಹರ್ಪಿಸ್, ಇನ್ನೂ ಇದೆ, ಜೊತೆಗೆ ಬ್ಯಾಕ್ಟೀರಿಯಾ, ನ್ಯೂಮೊಕಾಕಸ್. ಒಂದೇ ಹನೀಲಿ." ಅವರ ಮುಖದಲ್ಲಿ ಒಂದು ಬೆಳಕಿತ್ತು, ತಕ್ಷಣ ಅದನ್ನು ಒಳಗೆಳೆದುಕೊಂಡರು. ಸ್ಪಂದನಳಿಗೆ ಅದು ಪರಿಚಯದ ಬೆಳಕು. ಇಷ್ಟು ದಿನ ಅದು ತನ್ನೊಬ್ಬಳ ರೋಗ ಅಂದುಕೊಂಡಿದ್ದಳು. "ಯಾವ್ದು ಮೊದ್ಲು ಬಂತು ಮೇಡಂ?" ಅಂತ ಅವಳು ಕೇಳಿದಳು. "ಹೇಳಕ್ಕಾಗಲ್ಲ. ಕಿವಿಯಿಂದ ಇದು ಹೋಗಿ, ಆ ಜ್ವರಕ್ಕೆ ಅದು ಎದ್ದಿರ್ಬಹುದು. ಇಲ್ಲ ಅದೇ ಮೊದ್ಲು ಎದ್ದು ಇದಕ್ಕೆ ದಾರಿ ಮಾಡಿರ್ಬಹುದು. ಅಪರೂಪ ಇದು. ಅಥವಾ ನಾವು ನೋಡಲ್ವೋ ಏನೋ. ಒಂದು ಸಿಕ್ಕಿದ ಮೇಲೆ ಇನ್ನೊಂದನ್ನ ಯಾರೂ ಹುಡುಕಲ್ಲ." ಫೋನನ್ನು ಜೇಬಿಗೆ ಹಾಕುತ್ತ, "ನಾನೂ ಹುಡುಕ್ಲಿಲ್ಲ" ಅಂದು ಹೋದರು.

ಹದಿನೈದು ದಿನ ಎರಡೂ ಔಷಧಿ ಹೋಯಿತು. ಕಿವಿಯ ಡಾಕ್ಟರು ಬಂದು ಕಿವಿಯ ಹಿಂದಿನ ಮೂಳೆ ಕೊರೆದು ಕೀವು ತೆಗೆದರು. ಆ ಕಡೆ ಇನ್ನು ಕೇಳಿಸುವುದಿಲ್ಲ ಅಂದರು. ದೊಡ್ಡಮ್ಮನಿಗೆ ಮೊದಲು ಜಾಗಗಳು ವಾಪಸು ಬಂದವು, ಆಮೇಲೆ ಮುಖಗಳು, ಕೊನೆಗೆ ಹೆಸರುಗಳು. ಹೆಸರುಗಳಲ್ಲಿ ಕೆಲವು ಬರಲೇ ಇಲ್ಲ. ಚಮಚವನ್ನು ತೋರಿಸಿ ಅದು, ಅದು ಅನ್ನುತ್ತಿದ್ದಳು. ಓಬಮ್ಮನ ಹೆಸರನ್ನು ಮತ್ತೆ ಎತ್ತಲಿಲ್ಲ. ದೊಡ್ಡಪ್ಪ ಒಂದು ದಿನ ಊರಿನಿಂದ ಬಂದು, ಮುನಾವರ್ ಸಾಬರು ಅಟ್ಟದ ಕಾಯಿ ತೆಗೆದುಕೊಂಡು ಹೋದರೆಂದೂ, ದೊಡ್ಡಮ್ಮ ಹುಷಾರು ತಪ್ಪುವ ಮುಂಚೆ ಆರಿಸಿಟ್ಟಿದ್ದ ಗುಡ್ಡೆಯಿಂದ ನಾಲ್ಕನ್ನು ಅಂಗಳದಲ್ಲೇ ಒಡೆಸಿ ನೋಡಿದರೆಂದೂ ಹೇಳಿದರು. ಹೆಂಗಿದ್ದವು ಅಂತ ದೊಡ್ಡಮ್ಮ ಕೇಳಲಿಲ್ಲ. ದೊಡ್ಡಪ್ಪನೂ ಹೇಳಲಿಲ್ಲ. ಅವತ್ತಿನಿಂದ ಅವಳು ಸ್ಪಂದನ ಕೊಟ್ಟ ಗಂಜಿ ಕುಡಿಯುತ್ತಿದ್ದಳು, ಸ್ಪಂದನ ತಲೆ ಬಾಚಿದರೆ ಬಾಚಿಸಿಕೊಳ್ಳುತ್ತಿದ್ದಳು, ಮಾತು ಮಾತ್ರ ಇಲ್ಲ. ಅವಳಿಗೆ ಮಾತು ಬರುತ್ತಿಲ್ಲವೋ, ತನ್ನೊಂದಿಗೆ ಬೇಡವಾಗಿದೆಯೋ? ಸ್ಪಂದನ ಗಮನಿಸಿದಳು: ನರ್ಸಿನೊಂದಿಗೆ ಮಾತಾಡುತ್ತಾಳೆ.

ಮನೆಗೆ ಕಳಿಸುವ ಹಿಂದಿನ ದಿನ ಮಧ್ಯಾಹ್ನ, ಊಟದ ತಟ್ಟೆ ಎತ್ತುವಾಗ, ದೊಡ್ಡಮ್ಮ ಗೋಡೆ ನೋಡಿಕೊಂಡು ಕೇಳಿದಳು. "ನೀನೇ ಹೇಳಿದ್ದಂತೆ."

ಸ್ಪಂದನ ತಟ್ಟೆ ಹಿಡಿದುಕೊಂಡೇ ನಿಂತಳು. "ಹೂಂ. ನಾನೇ."

"ಸಾಬ್ರು ಇದ್ರಾ ಆವಾಗ?"

ಇರಲಿಲ್ಲ ಅನ್ನಬಹುದಿತ್ತು. ಅವತ್ತಿನದು ದೊಡ್ಡಮ್ಮನಿಗೆ ಏನೂ ನೆನಪಿಲ್ಲ ಅಂತ ಡಾಕ್ಟರು ಹೇಳಿದ್ದರು. "ಇದ್ರು."

"ಅವ್ರು ಹೋಗೋಗಂಟ ಕಾಯಕ್ಕಾಗ್ಲಿಲ್ವಾ ನಿಂಗೆ?"

"ಕಾದಿದ್ರೆ ಹೇಳ್ತಿರ್ಲಿಲ್ಲ ದೊಡ್ಡಮ್ಮ. ನಂಗೆ ಗೊತ್ತು."

ಹೊರಗೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದರು. ಆಮೇಲೆ ಅವಳು ದಿಂಬಿನ ಮೇಲೆ ತಲೆಯನ್ನು ಈ ಕಡೆಗೆ ಹೊರಳಿಸಿ, ಬ್ಯಾಂಡೇಜಿನ ಕೆಳಗಿಂದ ಸ್ಪಂದನಳನ್ನು, ಬೇರೆ ಯಾರನ್ನೂ ಅಲ್ಲ, ನೋಡಿದಳು.

"ಎರಡಿದ್ವಂತಲ್ಲ ನನ್ ತಲೇಲಿ."

"ಹೂಂ. ಎರಡು."

"ಒಂದೇ ಕಡೆ?"

"ಒಂದೇ ನೀರಲ್ಲಿ."

"ಮತ್ತೆ..." ಪದ ಹುಡುಕುತ್ತ ದೊಡ್ಡಮ್ಮ ಎರಡು ಬೆರಳನ್ನು ಎತ್ತಿ ಒಂದರ ಪಕ್ಕ ಒಂದನ್ನು ಹಿಡಿದಳು. "ಇದ್ ಇರೋದು ಅದಕ್ಕೆ ಗೊತ್ತಾಗಿತ್ತಂತಾ? ಅಕ್ಕಪಕ್ಕ ಇದ್ರೂ ಗೊತ್ತಾಗ್ದಂಗೆ ಇದ್ವಾ?"

ಸ್ಪಂದನ ಬೆರಳುಗಳನ್ನು ನೋಡಿದಳು. ಇಪ್ಪತ್ತೊಂದು ದಿನದಿಂದ ಎಷ್ಟೊಂದು ಕೇಳಿಕೊಂಡಿದ್ದಳು, ಇದೊಂದು ಅವಳಿಗೆ ಹೊಳೆದಿರಲಿಲ್ಲ. "ಗೊತ್ತಿಲ್ಲ ದೊಡ್ಡಮ್ಮ. ನಾನು ಕೇಳ್ಲಿಲ್ಲ."

"ಆ ಹುಡ್ಗಿ ಡಾಕ್ಟ್ರು ಇನ್ನೂ ಇದಾಳಾ?"

"ಹೊರಡೋ ಹೊತ್ತು."

"ಹೋಗು ಮತ್ತೆ. ಕೇಳ್ಕಂಬಾ. ನಾಳೆ ಮನೆಗೋದ್ರೆ ಯಾರ್ನ ಕೇಳ್ತೀಯ." ದೊಡ್ಡಮ್ಮ ಕೈ ಕೆಳಗಿಳಿಸಿದಳು. "ನಿಂತೇ ಇದ್ದೀಯಲ್ಲೇ, ಆ ತಟ್ಟೆ ಇಟ್ಟಾದ್ರೂ ಹೋಗು."

ಅವಳು ತಟ್ಟೆ ಇಟ್ಟು ಹೊರಗೆ ಬಂದಳು. ಕಾರಿಡಾರಿನ ಕೊನೆಯಲ್ಲಿ ಡಾಕ್ಟರ್ ಮಾಹಿರಾ ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಕಡೆ ನಡೆಯುತ್ತಿದ್ದರು. ಮೊದಲ ವಾಕ್ಯ ಹೇಗಿರಬೇಕು ಅಂತ ಯೋಚಿಸಲು ಹೊತ್ತಿರಲಿಲ್ಲ. "ಮೇಡಂ" ಅಂತ ಕೂಗಿದಳು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಓಡಿದಳು.